ಎರೆಂಡೆಲ್ ಎಂದರೆ ಬೆಳ್ಳಿಯೋ, ಬೆಳಕೋ?

2022ರ ಮಾರ್ಚ್ 30ರಂದು ಖಗೋಳ ಲೋಕದಿಂದ ಒಂದು ಸುದ್ದಿ ಬಂತು. ಹಬಲ್ ದೂರದರ್ಶಕಕ್ಕೆ ಅದುವರೆಗೆ ಯಾರೂ ಕಾಣದಷ್ಟು ದೂರದ ಒಂಟಿ ನಕ್ಷತ್ರ ಸಿಕ್ಕಿದೆ, ಅದಕ್ಕೆ ಎರೆಂಡೆಲ್ ಎಂದು ಹೆಸರಿಡಲಾಗಿದೆ, ಹಳೆಯ ಇಂಗ್ಲಿಷ್‌ನಲ್ಲಿ ಹಾಗೆಂದರೆ ಬೆಳಗಿನ ನಕ್ಷತ್ರ ಎಂದು. 2025ರ ಜುಲೈ ಕೊನೆಯಲ್ಲಿ ಇನ್ನೊಂದು ಸುದ್ದಿ ಬಂತು. ವೆಬ್ ದೂರದರ್ಶಕದ ದತ್ತಾಂಶ ನೋಡಿದರೆ ಅದು ಒಂಟಿ ನಕ್ಷತ್ರವಲ್ಲ, ನಕ್ಷತ್ರಗಳ ಗುಚ್ಛವೇ ಇರಬಹುದು ಎಂದು.

ನಕ್ಷತ್ರದ ಗೊಂದಲವನ್ನು ವಿಜ್ಞಾನಿಗಳು ನೋಡಿಕೊಳ್ಳುತ್ತಾರೆ. ಹೆಸರಿನ ಗೊಂದಲ ಮಾತ್ರ ಓದುಗರ ತಲೆಗೇ ಬಿತ್ತು. ಒಂದು ವರದಿ ‘ಬೆಳಗಿನ ನಕ್ಷತ್ರ’ ಎಂದಿತು, ಇನ್ನೊಂದು ‘ಉದಯಿಸುವ ಬೆಳಕು’ ಎಂದಿತು. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಅವರ ಅಭಿಮಾನಿಗಳು ಅದು ಕಡಲನ್ನು ಪ್ರೀತಿಸುವವನು ಎಂದರು. ಅದು ಲೂಸಿಫರ್, ಅಂದರೆ ಸೈತಾನ ಎಂದವರೂ ಉಂಟು. ಕ್ರಿಸ್ತನನ್ನು ಕರೆದ ಪದ ಎಂದವರೂ ಉಂಟು. ಈ ಎಲ್ಲ ಮಾತಿಗೂ ಒಂದಲ್ಲ ಒಂದು ಆಧಾರವಿದೆ, ಆದರೆ ಆಧಾರಗಳ ತೂಕ ಒಂದೇ ಅಲ್ಲ.

ಆಕಾಶದಲ್ಲಿ ಆದದ್ದೇನು

ಮೊದಲು ಸುದ್ದಿಯ ಕಡೆಯದನ್ನು ಚುಟುಕಾಗಿ ಮುಗಿಸೋಣ. ಎರೆಂಡೆಲ್‌ನಿಂದ ಹೊರಟ ಬೆಳಕು ನಮ್ಮನ್ನು ತಲುಪಲು ಸುಮಾರು 1,290 ಕೋಟಿ ವರ್ಷ ಹಿಡಿದಿದೆ. ಅಂದರೆ ವಿಶ್ವಕ್ಕೆ ಇನ್ನೂ 90 ಕೋಟಿ ವರ್ಷ ವಯಸ್ಸಾಗಿದ್ದಾಗಿನ ಬೆಳಕು ಅದು. ಅಷ್ಟು ದೂರದ ಒಂದು ಚುಕ್ಕೆ ಸಾಮಾನ್ಯವಾಗಿ ಯಾವ ದೂರದರ್ಶಕಕ್ಕೂ ಕಾಣುವುದಿಲ್ಲ. ಇದು ಕಂಡದ್ದಕ್ಕೆ ಕಾರಣ, ನಡುವೆ ಅಡ್ಡ ನಿಂತಿರುವ ಒಂದು ಭಾರಿ ಗೆಲಾಕ್ಸಿ ಸಮೂಹ. ಅದರ ಗುರುತ್ವವೇ ಮಸೂರದ ಹಾಗೆ ಕೆಲಸ ಮಾಡಿ, ಹಿಂದಿನ ಗೆಲಾಕ್ಸಿಯೊಂದರ ಬೆಳಕನ್ನು ಬಾಗಿಸಿ ಉದ್ದನೆಯ ಕಮಾನಿನಂತೆ ತೋರಿಸುತ್ತದೆ. ಆ ಕಮಾನಿಗೆ ‘ಸೂರ್ಯೋದಯ ಕಮಾನು’ ಎಂದೇ ಹೆಸರು. ಮಸೂರದ ಶಕ್ತಿ ಅತಿ ಹೆಚ್ಚಾಗಿರುವ ಗೆರೆಯ ಮೇಲೆಯೇ ಎರೆಂಡೆಲ್ ಕುಳಿತಿರುವುದರಿಂದ ಅದರ ಬೆಳಕು ಸಾವಿರಾರು ಪಟ್ಟು ಹಿಗ್ಗಿದೆ.

ಇಷ್ಟು ಹಿಗ್ಗಿದರೂ ಅದು ಒಂದು ಚುಕ್ಕೆಯೇ. ಒಳಗೆ ಒಂದೇ ನಕ್ಷತ್ರವಿದೆಯೋ ಹಲವಿವೆಯೋ ಎಂಬುದನ್ನು ಕಣ್ಣಿನಿಂದ ನೋಡಿ ಹೇಳಲಾಗದು, ಬೆಳಕನ್ನು ಬಿಡಿಸಿ ಊಹಿಸಬೇಕು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದ ತಂಡ ಮಾಡಿದ್ದು ಅದನ್ನೇ. ಕಮಾನಿನಲ್ಲೇ ಇರುವ ಇನ್ನೊಂದು ಚುಕ್ಕೆ ನಕ್ಷತ್ರಗುಚ್ಛ. ಎರೆಂಡೆಲ್‌ನ ರೋಹಿತವನ್ನೂ (ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕನ್ನೂ) ಅದೇ ಬಗೆಯ ಗುಚ್ಛದ ಮಾದರಿಗೆ ಹೊಂದಿಸಬಹುದು ಎಂದು ಅವರು ತೋರಿಸಿದರು. ಒಂಟಿ ನಕ್ಷತ್ರದ ವಾದ ಇದರಿಂದ ಸತ್ತಿಲ್ಲ, ಕುಗ್ಗಿದೆ.

ದೂರದಲ್ಲೊಂದು ಬೆಳಕು, ಅದನ್ನು ಒಂದು ವಸ್ತು ಎನ್ನಬೇಕೋ ಹಲವುಗಳ ಮೊತ್ತ ಎನ್ನಬೇಕೋ ಎಂಬ ಪ್ರಶ್ನೆ. ಎರೆಂಡೆಲ್ ಎಂಬ ಪದವನ್ನು ಕುರಿತು ಭಾಷಾಶಾಸ್ತ್ರಜ್ಞರು ಸುಮಾರು 200 ವರ್ಷಗಳಿಂದ ಕೇಳುತ್ತ ಬಂದಿರುವುದೂ ಇದನ್ನೇ.

ಕಾವ್ಯದಲ್ಲಿ ಉಳಿದದ್ದು ಒಂದೇ ಒಂದು ಸಲ

ಇಂಗ್ಲೆಂಡಿನ ಎಕ್ಸೆಟರ್ ಕೆಥೆಡ್ರಲ್‌ನಲ್ಲಿ 10ನೇ ಶತಮಾನದ ಒಂದು ಹಸ್ತಪ್ರತಿಯಿದೆ. 1072ರಲ್ಲಿ ತೀರಿಕೊಂಡ ಬಿಷಪ್ ಲಿಯೊಫ್ರಿಕ್ ಕೊಟ್ಟ ಪುಸ್ತಕ ಅದು. ನಡುವೆ ಯಾವುದೋ ಕಾಲದಲ್ಲಿ ಅದರ ಬೆಲೆ ತಿಳಿಯದವರ ಕೈಗೂ ಸಿಕ್ಕಿತ್ತು. ಮೊದಲ ಪುಟಗಳ ಮೇಲೆ ಚಾಕುವಿನ ಗೀರುಗಳಿವೆ, ಪಾತ್ರೆಯಿಟ್ಟ ದುಂಡು ಕಲೆಯಿದೆ. ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಇವತ್ತು ಉಳಿದಿರುವುದರ ಬಹುದೊಡ್ಡ ಪಾಲು ಈ ಒಂದು ಪುಸ್ತಕದಲ್ಲಿದೆ. ಅದರ ಮೊದಲ ಪದ್ಯ ಕ್ರಿಸ್ತನ ಆಗಮನದ ಕುರಿತದ್ದು, ಆರಂಭದ ಹಾಳೆಗಳೇ ಕಳೆದುಹೋಗಿವೆ. ಆ ಪದ್ಯದ 104ನೇ ಸಾಲು ಹೀಗಿದೆ:

ಎಆಲಾ ಎಆರೆಂಡೆಲ್, ಎಂಗ್ಲ ಬೆಯೊರ್ಹ್ತಸ್ತ್

ಅರ್ಥ ಹೆಚ್ಚುಕಡಿಮೆ ಹೀಗೆ: ಓ ಎರೆಂಡೆಲ್, ದೂತರಲ್ಲೆಲ್ಲ ಅತಿ ಉಜ್ವಲನೇ. ಮುಂದಿನ ಸಾಲುಗಳಲ್ಲಿ ಅವನು ‘ಮಿಡ್ಡನ್‌ಗೆಯಾರ್ಡ್’ ಎಂಬ ನಡುಲೋಕದ ಮೇಲೆ ಮನುಷ್ಯರಿಗಾಗಿ ಕಳಿಸಲ್ಪಟ್ಟವನು, ಸೂರ್ಯನ ನಿಜಕಿರಣ, ತಾರೆಗಳಿಗಿಂತ ಪ್ರಕಾಶಮಾನ ಎಂಬ ವರ್ಣನೆ ಬರುತ್ತದೆ.

ಕವಿ ಈ ಪದವನ್ನೇ ಏಕೆ ಆರಿಸಿದ? ಒಂದು ಕಾರಣ ಛಂದಸ್ಸು. ನಮ್ಮ ಹಳೆಯ ಕಾವ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರ ಒಂದಾಗಬೇಕು, ಅದೇ ಆದಿಪ್ರಾಸ. ಇಂಗ್ಲಿಷ್, ಜರ್ಮನ್ ಮೊದಲಾದ ಜರ್ಮಾನಿಕ್ ಭಾಷೆಗಳ ಹಳೆಯ ಕಾವ್ಯದಲ್ಲಿ ಸಾಲಿನ ಎರಡು ಅರ್ಧಗಳನ್ನು ಕಟ್ಟುವುದು ಒತ್ತು ಬೀಳುವ ಪದಗಳ ಮೊದಲ ಧ್ವನಿ. ಸ್ವರದಿಂದ ಆರಂಭವಾಗುವ ಯಾವ ಪದವೂ ಸ್ವರದ ಇನ್ನಾವ ಪದದೊಂದಿಗೂ ಕೂಡುತ್ತದೆ. ಹಾಗಾಗಿ ‘ಎಆರೆಂಡೆಲ್’ ಮತ್ತು ದೂತರ ಎಂಬರ್ಥದ ‘ಎಂಗ್ಲ’ ಒಂದಕ್ಕೊಂದು ಕೊಂಡಿಯಾಗುತ್ತವೆ. ಆದರೆ ಸ್ವರದಿಂದ ಆರಂಭವಾಗುವ ಪದಗಳಿಗೆ ಕವಿಗೆ ಬರವಿರಲಿಲ್ಲ, ಆದ್ದರಿಂದ ಪ್ರಾಸವೊಂದೇ ಕಾರಣವಾಗಲಾರದು.

ಎರಡನೆಯ ಕಾರಣ ಮೂಲದಲ್ಲಿದೆ. ಈ ಪದ್ಯಭಾಗ ಸ್ವತಂತ್ರ ರಚನೆಯಲ್ಲ, ಕ್ರಿಸ್ಮಸ್‌ಗೆ ಮುಂಚಿನ ದಿನಗಳಲ್ಲಿ ಹಾಡುವ ಲ್ಯಾಟಿನ್ ಕೀರ್ತನೆಗಳ ಮೇಲೆ ಕಟ್ಟಿದ್ದು. ಇಂದಿಗೂ ಡಿಸೆಂಬರ್ 21ರಂದು, ಉತ್ತರದವರಿಗೆ ವರ್ಷದ ಅತಿ ದೀರ್ಘ ಕತ್ತಲಿನ ಹೊತ್ತಿಗೆ, ಹಾಡುವ ಕೀರ್ತನೆ ‘ಓ ಓರಿಯೆನ್ಸ್’ ಎಂದು ಶುರುವಾಗುತ್ತದೆ. ಓರಿಯೆನ್ಸ್ ಎಂದರೆ ಉದಯಿಸುವುದು, ಮೂಡುವುದು, ಮೂಡಣ ದಿಕ್ಕು. ಆ ಪದಕ್ಕೆ ತನ್ನ ನುಡಿಯಲ್ಲಿ ಸಮನಾದದ್ದು ಯಾವುದು ಎಂದು ಹುಡುಕಿದ ಕವಿಗೆ ಎರೆಂಡೆಲ್ ಸಿಕ್ಕಿತು. ಅವನು ಅನುವಾದಿಸಿದ್ದು ನಕ್ಷತ್ರವನ್ನಲ್ಲ, ‘ಮೂಡುವುದು’ ಎಂಬುದನ್ನು ಎಂಬುದು ಗಮನಿಸಬೇಕಾದ ಸಂಗತಿ.

ಪದಪಟ್ಟಿಗಳ ಸಾಕ್ಷ್ಯ

ಕಾವ್ಯದ ಹೊರಗೆ ಪದ ಇನ್ನೂ ಕೆಲವೆಡೆ ಸಿಗುತ್ತದೆ. ಲ್ಯಾಟಿನ್ ಕಲಿಯುವವರಿಗಾಗಿ ಬರೆದ ಹಳೆಯ ಪದಪಟ್ಟಿಗಳಲ್ಲಿ ‘ಯೂಬರ್’ ಎಂಬ ಲ್ಯಾಟಿನ್ ಪದಕ್ಕೆ ‘ಲಿಯೋಮ’ ಅಥವಾ ‘ಎರೆಂಡೆಲ್’ ಎಂದು ಅರ್ಥ ಬರೆದಿದ್ದಾರೆ. ಲಿಯೋಮ ಎಂದರೆ ಕಿರಣ, ಕಾಂತಿ. ಹಾಗಾದರೆ ಎರೆಂಡೆಲ್ ಕಿರಣವೇ ತಾನೇ?

ಅಷ್ಟು ಸುಲಭವಿಲ್ಲ, ಏಕೆಂದರೆ ಯೂಬರ್ ಪದಕ್ಕೇ ಎರಡು ಮುಖ. ಸಾಮಾನ್ಯ ಬಳಕೆಯಲ್ಲಿ ಅದು ಆಕಾಶಕಾಯಗಳ ಪ್ರಭೆ. ಆದರೆ ಕ್ರಿಸ್ತಪೂರ್ವ 1ನೇ ಶತಮಾನದ ರೋಮನ್ ವಿದ್ವಾಂಸ ವಾರೋ ಹೇಳುವಂತೆ ಯೂಬರ್ ಎಂದರೆ ಬೆಳಗಿನ ಶುಕ್ರ. ಸಿಂಹದ ತಲೆಯ ಮೇಲಿನ ಕೇಸರದ ಹಾಗೆ ಅದರ ಬೆಳಕು ಚೆದುರಿಕೊಂಡಿರುತ್ತದೆ, ಕೇಸರಕ್ಕೆ ಲ್ಯಾಟಿನ್‌ನಲ್ಲಿ ‘ಯೂಬ’, ಅದಕ್ಕೇ ಆ ಹೆಸರು ಎಂಬುದು ಅವನ ವಿವರಣೆ. ಒಂದು ಅಸ್ಪಷ್ಟ ಪದವನ್ನು ಇನ್ನೊಂದು ಅಸ್ಪಷ್ಟ ಪದದಿಂದ ವಿವರಿಸಿದರೆ ಕೈಗೆ ಸಿಗುವುದೂ ಅಷ್ಟೇ. 11ನೇ ಶತಮಾನದ ಡರ್ಹಮ್ ಸ್ತೋತ್ರಸಂಗ್ರಹದಲ್ಲಿ ‘ಅರೋರ’ ಎಂಬ ಲ್ಯಾಟಿನ್ ಪದದ ಮೇಲೆ ಇದೇ ಪದ ಬರೆದಿದೆ. ಅರೋರ ಎಂದರೆ ಉಷೆ, ಅರುಣೋದಯ. ಅಲ್ಲಿ ನಕ್ಷತ್ರದ ಸುಳಿವೇ ಇಲ್ಲ.

ಕನ್ನಡಿಗರಿಗೆ ಇಂಥ ಜಾರುವಿಕೆ ಹೊಸದೇನಲ್ಲ. ‘ಬೆಳ್ಳಿ ಮೂಡಿತು’ ಎಂದಾಗ ಮೂಡಿದ್ದು ಶುಕ್ರ. ಬೆಳ್ಳಗೆ, ಬೆಳಕು, ಬೆಳಗು ಎಲ್ಲವೂ ಅದರ ಒಡಹುಟ್ಟುಗಳು. ಬೆಳಗು ಎಂದರೆ ಹೊತ್ತೂ ಹೌದು, ಹೊಳೆಯುವುದೂ ಹೌದು. ಸಾವಿರ ವರ್ಷಗಳ ಮೇಲೆ ನಾಲ್ಕಾರು ಸಾಲುಗಳಷ್ಟೇ ಉಳಿದಿದ್ದರೆ, ಬೆಳ್ಳಿ ಎಂದರೆ ಲೋಹವೋ ಗ್ರಹವೋ ಎಂದು ಯಾರಾದರೂ ಹೀಗೇ ಜಗಳವಾಡುತ್ತಿದ್ದರು.

ಹಾಲಿಗೆ ಪಾಲ್ ಸಾಕ್ಷಿ

ಪದದ ಹುಟ್ಟಿನ ವಿಷಯದಲ್ಲಿ ಬಹಳ ಕಾಲ ಎರಡು ಪಕ್ಷಗಳಿದ್ದವು. ಸ್ಕ್ಯಾಂಡಿನೇವಿಯದ ಪ್ರಾಚೀನ ನಾರ್ಸ್ ಭಾಷೆಯಲ್ಲಿ ಈ ಪದದ ಸಂಬಂಧಿಯಾದ ಹೆಸರು ‘ಔರ್ವಂಡಿಲ್’. ಅದೇ ಭಾಷೆಯಲ್ಲಿ ‘ಔರ್’ ಎಂದರೆ ಜಲ್ಲಿ, ಕೆಸರುಮಣ್ಣು. ಹಾಗಾಗಿ ಮೊದಲ ಭಾಗ ಒದ್ದೆ ಮಣ್ಣಿಗೆ ಸಂಬಂಧಿಸಿದ್ದು ಎಂದು ಒಂದು ಪಕ್ಷ. ಇಲ್ಲ, ಅದು ಉಷೆಗೆ ಸಂಬಂಧಿಸಿದ್ದು ಎಂದು ಇನ್ನೊಂದು ಪಕ್ಷ. ಎರಡನ್ನೂ ಒಂದೇ ಅಕ್ಷರ ಬೇರ್ಪಡಿಸುತ್ತದೆ. ಉಷೆಯ ಮೂಲವಾದರೆ ಈಗಿನ ‘ರ್’ ಇರುವ ಕಡೆ ಹಿಂದೆ ‘ಝ್’ ಇದ್ದಿರಬೇಕು. ಮಣ್ಣಿನ ಮೂಲವಾದರೆ ‘ರ್’ ಮೊದಲಿನಿಂದಲೂ ‘ರ್’ ಇದ್ದಿರಬಹುದು.

ತೊಂದರೆ ಏನೆಂದರೆ, ಇಂಗ್ಲಿಷ್ ಮತ್ತು ನಾರ್ಸ್ ಎರಡರಲ್ಲೂ ಹಳೆಯ ‘ಝ್’ ಸವೆದು ‘ರ್’ ಆಯಿತು. ಹಾಗಾಗಿ ಈ ಭಾಷೆಗಳಲ್ಲಿ ಕಾಣುವ ‘ರ್’ ಮೂಲದ್ದೋ ಬದಲಾದದ್ದೋ ಎಂದು ನೋಡಿ ಹೇಳುವಂತಿಲ್ಲ. ಕನ್ನಡದಲ್ಲಿ ‘ಪಾಲ್’ ಹೋಗಿ ‘ಹಾಲು’ ಆದದ್ದು, ‘ಪುಲಿ’ ಹೋಗಿ ‘ಹುಲಿ’ ಆದದ್ದು ಇಂಥದೇ ಬದಲಾವಣೆ. ಹಳಗನ್ನಡ ಪೂರ್ತಿ ಕಳೆದುಹೋಗಿದ್ದರೂ ತಮಿಳಿನ ‘ಪಾಲ್’ ನೋಡಿ ನಮ್ಮ ಹಾಲಿನ ಹಳೆಯ ರೂಪ ಹೇಳಬಹುದಿತ್ತು, ಏಕೆಂದರೆ ತಮಿಳಿನಲ್ಲಿ ಆ ಬದಲಾವಣೆ ನಡೆಯಲಿಲ್ಲ. ಜರ್ಮಾನಿಕ್ ಕುಟುಂಬದಲ್ಲಿ ಆ ಸಾಕ್ಷಿ ಹೇಳಬಲ್ಲ ಭಾಷೆ, ಇಂದು ಯಾರೂ ಆಡದ ಗಾಥಿಕ್. ಇಂಗ್ಲಿಷ್‌ನ ‘ಮೋರ್’ ಗಾಥಿಕ್‌ನಲ್ಲಿ ‘ಮೈಝ’. ‘ಝ್’ ಹಾಗೆಯೇ ಉಳಿದಿದೆ.

ಆದರೆ ಗಾಥಿಕ್‌ನಲ್ಲಿ ಈ ಪದ ಸಿಕ್ಕಿರಲೇ ಇಲ್ಲ, ಇತ್ತೀಚಿನವರೆಗೆ. ಇಟಲಿಯ ಬೊಲೊನ್ಯದಲ್ಲಿ ಸೇಂಟ್ ಆಗಸ್ಟೀನನ ಲ್ಯಾಟಿನ್ ಗ್ರಂಥವಿದ್ದ ಚರ್ಮದ ಹಾಳೆಗಳ ಅಡಿಯಲ್ಲಿ, ಹಿಂದೆ ಕೆರೆದು ಅಳಿಸಿದ ಗಾಥಿಕ್ ಬರಹ ಇರುವುದು ಬೆಳಕಿಗೆ ಬಂತು. ಪಠ್ಯ ಮೊದಲು ಪ್ರಕಟವಾದದ್ದು 2013ರಲ್ಲಿ. ಅಳಿಸಿದ ಅಕ್ಷರಗಳನ್ನು ಓದುತ್ತ ಹೋದಂತೆ ಬೈಬಲಿನ ಯೆಶಾಯ 14:12ರ ಉಲ್ಲೇಖ ಸಿಕ್ಕಿತು. ಬೆಳಗಿನಲ್ಲಿ ಮೂಡುವ ನೀನು ಆಕಾಶದಿಂದ ಹೇಗೆ ಬಿದ್ದೆ ಎಂಬ ಸಾಲು ಅದು. ಅಲ್ಲಿ ಬೆಳಗಿನ ನಕ್ಷತ್ರಕ್ಕೆ ಬಳಸಿರುವ ಪದವನ್ನು ವಿದ್ವಾಂಸರು ‘ಔಝಂಡಿಲ್’ ಎಂದು ಓದಿದ್ದಾರೆ.

ಈ ಒಂದು ‘ಝ್’ ಕಾರ ಮಣ್ಣಿನ ಪಕ್ಷವನ್ನು ಬಹುಮಟ್ಟಿಗೆ ಮಣ್ಣುಪಾಲು ಮಾಡಿತು. ಮೊದಲ ಭಾಗ ಉಷೆಯದೇ ಎಂದರೆ ಪದದ ನಂಟು ದೂರದವರೆಗೆ ಚಾಚುತ್ತದೆ. ಸಂಸ್ಕೃತದ ‘ಉಷಸ್’, ಗ್ರೀಕರ ‘ಈಯೋಸ್’, ಲ್ಯಾಟಿನ್‌ನ ‘ಅರೋರ’, ಮೂಡಣಕ್ಕೆ ಇಂಗ್ಲಿಷಿನವರು ಹೇಳುವ ‘ಈಸ್ಟ್’ ಎಲ್ಲವೂ ಒಂದೇ ಬೇರಿನವು. ನಾವು ಉಷಃಕಾಲ ಎನ್ನುವಾಗಿನ ‘ಉಷ’ ಮತ್ತು ಎರೆಂಡೆಲ್‌ನ ಮೊದಲ ಎರಡಕ್ಷರ ದಾಯಾದಿಗಳು.

ಎರಡನೆಯ ಭಾಗದ ಕತೆ ಇಷ್ಟು ಸಲೀಸಾಗಿಲ್ಲ. ಕೋಲು, ಆ ಮೂಲಕ ಕಿರಣ ಎಂಬ ಅರ್ಥ ಕೆಲವರದು. ಅಲೆಯುವವನು ಎಂಬುದು ಇನ್ನು ಕೆಲವರದು. ವಾಂಡಲ್ ಎಂಬ ಜನಾಂಗದ ಹೆಸರಿಗೆ ಗಂಟು ಹಾಕಿದವರೂ ಇದ್ದಾರೆ. ನಾರ್ಸ್ ರೂಪದಲ್ಲಿ ‘ವ’ ಇದೆ, ಗಾಥಿಕ್ ಮತ್ತು ಇಂಗ್ಲಿಷ್ ರೂಪಗಳಲ್ಲಿ ಇಲ್ಲ. ಆ ‘ವ’ಕಾರ ಮೊದಲಿನಿಂದ ಇದ್ದು ಹೋಯಿತೇ, ಆಮೇಲೆ ಬಂದು ಸೇರಿತೇ ಎಂಬುದು ತೀರ್ಮಾನವಾಗುವವರೆಗೆ ಇಡೀ ಪದಕ್ಕೆ ಇದೇ ಅರ್ಥ ಎಂದು ಪಟ್ಟು ಹಿಡಿಯುವುದು ಆತುರ.

ಕ್ರಿಸ್ತನೋ, ಯೋಹಾನನೋ, ಸೈತಾನನೋ

ಒಂದೇ ಪದ ಇಂಗ್ಲೆಂಡಿನ ಪದ್ಯದಲ್ಲಿ ಕ್ರಿಸ್ತನನ್ನೂ ಗಾಥಿಕ್ ಬರಹದಲ್ಲಿ ಲೂಸಿಫರನನ್ನೂ ಹೇಳುತ್ತದೆಯೆಂದರೆ ವಿಚಿತ್ರವೆನಿಸುತ್ತದೆ. ಅಂತರ್ಜಾಲದ ಅರ್ಧಕ್ಕರ್ಧ ಗಲಾಟೆ ಇಲ್ಲಿಂದಲೇ ಹುಟ್ಟಿದ್ದು. ಇದರಲ್ಲಿ ರಹಸ್ಯವೇನೂ ಇಲ್ಲ. ಲ್ಯಾಟಿನ್‌ನಲ್ಲಿ ಲೂಸಿಫರ್ ಎಂದರೆ ಬೆಳಕು ತರುವವನು, ಬೆಳಗಿನ ಶುಕ್ರ. ಯೆಶಾಯನ ಸಾಲು ಬಾಬಿಲೋನಿನ ರಾಜನ ಸೊಕ್ಕನ್ನು ಹಂಗಿಸುವ ಮಾತು. ಎಲ್ಲ ತಾರೆಗಳಿಗಿಂತ ಹೊಳೆದು, ಸೂರ್ಯ ಬರುತ್ತಲೇ ಮರೆಯಾಗುವ ಶುಕ್ರನ ಉಪಮೆ ಅಲ್ಲಿದೆ. ಅದನ್ನು ಬಿದ್ದ ದೇವದೂತನ ಕತೆಯಾಗಿ ಓದಿದ್ದು ನಂತರದ ಕ್ರೈಸ್ತ ವ್ಯಾಖ್ಯಾನಕಾರರು. ಅದೇ ಲ್ಯಾಟಿನ್ ಬೈಬಲ್ ಪೇತ್ರನ ಎರಡನೆಯ ಪತ್ರಿಕೆಯಲ್ಲಿ, ಭಕ್ತರ ಹೃದಯದಲ್ಲಿ ಮೂಡುವ ಬೆಳಕಿಗೂ ಲೂಸಿಫರ್ ಎಂಬ ಪದವನ್ನೇ ಬಳಸುತ್ತದೆ. ಪ್ರಕಟನೆ 22:16ರಲ್ಲಿ ಯೇಸು ತಾನೇ ಪ್ರಕಾಶಮಾನವಾದ ಉದಯನಕ್ಷತ್ರ ಎನ್ನುತ್ತಾನೆ. ಪದ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಯಾರಿಗೆ ಅಂಟಿಸಿದರೋ ಅವರ ಬಣ್ಣ ಬಂತು.

ವಿದ್ವಾಂಸರಿಗೆ ನಿಜವಾಗಿ ತಲೆನೋವಾದದ್ದು ಯೋಹಾನ. 10ನೇ ಶತಮಾನದ ಕೊನೆಯ ‘ಬ್ಲಿಕ್ಲಿಂಗ್’ ಪ್ರವಚನಗಳಲ್ಲಿ ಕ್ರಿಸ್ತನ ಬರವನ್ನು ಮುಂಚಿತವಾಗಿ ಸಾರಿದ ಸ್ನಾನಿಕ ಯೋಹಾನನನ್ನು ‘ಹೊಸ ಎರೆಂಡೆಲ್’ ಎಂದು ಕರೆದಿದೆ. ಅದರ ಬೆನ್ನಿಗೇ, ನಿಜವಾದ ಸೂರ್ಯನ ಕಿರಣ, ಅಂದರೆ ದೇವರೇ, ಬರಲಿದ್ದಾನೆ ಎಂದಿದೆ. ಇಲ್ಲಿ ಎರೆಂಡೆಲ್ ಒಬ್ಬ, ಸೂರ್ಯಕಿರಣ ಇನ್ನೊಬ್ಬ. ಮೊದಲನೆಯವನು ಬಂದು ಎರಡನೆಯವನ ಬರವನ್ನು ಸಾರುತ್ತಾನೆ. ಈ ಬೆಳಕಿನಲ್ಲಿ 104ನೇ ಸಾಲನ್ನು ಮತ್ತೆ ಓದಿದರೆ ಸಂಶಯ ಏಳುತ್ತದೆ. ‘ಓ ಎರೆಂಡೆಲ್... ಮತ್ತು ಸೂರ್ಯನ ನಿಜಕಿರಣವೇ’ ಎಂದು ಕವಿ ಹೇಳುವಾಗ ಆ ‘ಮತ್ತು’ ಇಬ್ಬರನ್ನು ಜೋಡಿಸುತ್ತದೆಯೋ, ಒಬ್ಬನನ್ನೇ ಎರಡು ಹೆಸರಿನಿಂದ ಕರೆಯುತ್ತದೆಯೋ? ಮೂಲ ಕೀರ್ತನೆ ಕ್ರಿಸ್ತನನ್ನೇ ಕರೆಯುವುದರಿಂದ ಪದ್ಯದಲ್ಲಿ ಒಬ್ಬನೇ ಎನ್ನುವುದು ಹೆಚ್ಚು ಸರಿ ಎಂದು ಕಾಣುತ್ತದೆ. ಆದರೂ ‘ದೂತರಲ್ಲಿ ಉಜ್ವಲನೇ, ಕಳಿಸಲ್ಪಟ್ಟವನೇ’ ಎಂಬ ಮಾತುಗಳು ಮುಂದೋಡಿ ಬಂದ ಯೋಹಾನನಿಗೆ ಎಷ್ಟು ಚೆನ್ನಾಗಿ ಒಪ್ಪುತ್ತವೆ ಎಂಬುದನ್ನು ತಳ್ಳಿಹಾಕಲಾಗದು.

ಈ ಎಲ್ಲ ಬಳಕೆಗಳಿಗೂ ಸಮಾನವಾದದ್ದು ಒಂದೇ: ಸೂರ್ಯನಿಗಿಂತ ಮುಂಚೆ ಬರುವುದು. ಆ ಮುಂಬೆಳಕು ಶುಕ್ರನಾದರೂ ಸರಿ, ದಿಗಂತದ ಮೊದಲ ಕಿರಣವಾದರೂ ಸರಿ, ಮನುಷ್ಯನಾದರೂ ಸರಿ. ‘ಬೆಳಗಿನ ನಕ್ಷತ್ರ’ ಎಂಬ ಅನುವಾದ ತಪ್ಪೇನಲ್ಲ, ಆದರೆ ಪದ ತೆರೆದಿಟ್ಟ ಬಾಗಿಲುಗಳಲ್ಲಿ ಒಂದನ್ನು ಮಾತ್ರ ಬಿಟ್ಟು ಉಳಿದವನ್ನು ಮುಚ್ಚಿಬಿಡುತ್ತದೆ.

ಥೋರನ ಬುಟ್ಟಿಯಲ್ಲಿ ಕೂತವನು

ಕ್ರೈಸ್ತಧರ್ಮ ಬರುವ ಮುಂಚೆ ಎರೆಂಡೆಲ್ ಎಂಬ ಪುರಾಣಪುರುಷನಿದ್ದನೇ? ಇದ್ದ ಎನ್ನುವವರು ಐಸ್‌ಲ್ಯಾಂಡ್ ಕಡೆ ಕೈ ತೋರಿಸುತ್ತಾರೆ. 13ನೇ ಶತಮಾನದಲ್ಲಿ ಸ್ನೋರಿ ಸ್ಟುರ್ಲುಸೊನ್ ಬರೆದಿಟ್ಟ ಕತೆ ಹೀಗಿದೆ. ದೈತ್ಯ ಹ್ರುಂಗ್ನಿರನೊಂದಿಗಿನ ಕಾಳಗದಲ್ಲಿ ಸಾಣೆಕಲ್ಲಿನ ಚೂರೊಂದು ಥೋರ್ ದೇವನ ತಲೆಗೆ ನಾಟಿಕೊಳ್ಳುತ್ತದೆ. ಅದನ್ನು ತೆಗೆಯಲು ಗ್ರೋವ ಎಂಬ ಮಂತ್ರವಾದಿನಿ ಮಂತ್ರ ಹೇಳತೊಡಗುತ್ತಾಳೆ. ಕಲ್ಲು ಸಡಿಲವಾಗುತ್ತಲೇ ಥೋರ್ ಸಂತೋಷದಿಂದ ಅವಳಿಗೊಂದು ಸುದ್ದಿ ಹೇಳುತ್ತಾನೆ. ನಿನ್ನ ಗಂಡ ಔರ್ವಂಡಿಲನನ್ನು ಬುಟ್ಟಿಯಲ್ಲಿ ಹೊತ್ತು ಹಿಮದ ಹೊಳೆ ದಾಟಿಸಿದೆ, ಬುಟ್ಟಿಯಿಂದ ಹೊರಗೆ ಚಾಚಿದ್ದ ಒಂದು ಕಾಲ್ಬೆರಳು ಹೆಪ್ಪುಗಟ್ಟಿತು, ಅದನ್ನು ಮುರಿದು ಆಕಾಶಕ್ಕೆ ಎಸೆದು ನಕ್ಷತ್ರ ಮಾಡಿದೆ, ಅವನು ಬೇಗನೆ ಮನೆಗೆ ಬರುತ್ತಾನೆ ಎಂದು. ಹಿಗ್ಗಿದ ಗ್ರೋವ ಮಂತ್ರವನ್ನೇ ಮರೆಯುತ್ತಾಳೆ, ಕಲ್ಲು ಥೋರನ ತಲೆಯಲ್ಲೇ ಉಳಿಯುತ್ತದೆ. ಸಾಣೆಕಲ್ಲನ್ನು ನೆಲದ ಮೇಲೆ ಅಡ್ಡಡ್ಡ ಎಸೆಯಬಾರದು, ಎಸೆದರೆ ಥೋರನ ತಲೆಯ ಕಲ್ಲು ಅಲುಗಾಡುತ್ತದೆ ಎಂದು ಸ್ನೋರಿ ಎಚ್ಚರಿಕೆ ಬೇರೆ ಕೊಡುತ್ತಾನೆ.

ಹೆಸರು ಒಂದೇ, ನಕ್ಷತ್ರವೂ ಇದೆ. 19ನೇ ಶತಮಾನದಲ್ಲಿ ಜರ್ಮನ್ ಭಾಷಾಶಾಸ್ತ್ರಜ್ಞ ಯಾಕೋಬ್ ಗ್ರಿಮ್ ಇಂಥ ಹೆಸರುಗಳನ್ನೆಲ್ಲ ಒಂದೆಡೆ ತಂದು ನೋಡಿದ. ಡೆನ್ಮಾರ್ಕಿನ ಸ್ಯಾಕ್ಸೊ ಸುಮಾರು 1200ರಲ್ಲಿ ಬರೆದ ಇತಿಹಾಸದಲ್ಲಿ ಹೋರ್ವೆಂಡಿಲ್ ಎಂಬವನಿದ್ದಾನೆ. ಅವನು ಸೋದರನ ಕೈಯಲ್ಲಿ ಸತ್ತ. ಅವನ ಮಗ ಆಮ್ಲೆತ್, ಶೇಕ್ಸ್‌ಪಿಯರನ ಹ್ಯಾಮ್ಲೆಟ್‌ಗೆ ಮೂಲ. ಜರ್ಮನಿಯಲ್ಲಿ ಕಡಲಲ್ಲಿ ಅಲೆಯುವ ಓರೆಂಡೆಲ್ ಎಂಬ ರಾಜಕುಮಾರನ ಕಥನಕಾವ್ಯವಿದೆ. ಇಟಲಿಯ ಲೊಂಬಾರ್ಡರಲ್ಲಿ ಔರಿವಂಡಲೊ ಎಂಬುದು ಮನುಷ್ಯನಿಗಿಡುವ ಹೆಸರು.

ಹೆಸರುಗಳ ನಂಟು ಒಪ್ಪಬಹುದು. ಅದರಿಂದ ಒಂದೇ ಆದಿಪುರಾಣ ಕಟ್ಟುವುದು ಬೇರೆ ಮಾತು. ಒಂದರಲ್ಲಿ ಕಾಲ್ಬೆರಳಿದೆ, ಒಂದರಲ್ಲಿ ಕೊಲೆಯಿದೆ, ಒಂದರಲ್ಲಿ ಕಡಲಯಾನವಿದೆ. ಘಟನೆಗಳು ಕೂಡಿಬರುವುದೇ ಇಲ್ಲ. ಬೆರಳಿನ ನಕ್ಷತ್ರ ಯಾವುದೆಂದೂ ಸ್ನೋರಿ ಹೇಳಿಲ್ಲ, ಹಾಗಾಗಿ ಶುಕ್ರ ಎಂದವರಿದ್ದಾರೆ, ಒರಾಯನ್ ನಕ್ಷತ್ರಪುಂಜದ ರೈಜೆಲ್ ಎಂದವರಿದ್ದಾರೆ. ಇವನ್ನೆಲ್ಲ ಸೇರಿಸಿ ಒಂದೇ ಕತೆ ಮಾಡಿದರೆ, ನಮ್ಮಲ್ಲಿ ರಾಮ ಎಂಬ ಹೆಸರಿನವರೆಲ್ಲರ ಜೀವನಚರಿತ್ರೆ ಸೇರಿಸಿ ರಾಮಾಯಣ ಬರೆದಂತಾದೀತು.

ಕಡಲಿನ ಅರ್ಥ ಬಂದದ್ದೆಲ್ಲಿಂದ

ಇಂದು ಎರೆಂಡೆಲ್ ಹೆಸರು ಬಹುಮಂದಿಗೆ ಪರಿಚಯವಿರುವುದು ಟೋಲ್ಕಿನ್ ಮೂಲಕ. ಹಳೆಯ ಇಂಗ್ಲಿಷ್ ಓದುತ್ತಿದ್ದ ಅವರು ಆ ಸಾಲಿನ ಸದ್ದಿಗೇ ಮರುಳಾಗಿ 1914ರಲ್ಲಿ ಎರೆಂಡೆಲ್‌ನ ಯಾನದ ಕುರಿತು ಪದ್ಯ ಬರೆದರು. ಹಣೆಯ ಮೇಲೆ ನಕ್ಷತ್ರ ಧರಿಸಿ ಆಕಾಶದಲ್ಲಿ ಹಡಗು ನಡೆಸುವ ನಾವಿಕ ಮುಂದೆ ಹುಟ್ಟಿದ್ದು ಅಲ್ಲಿಂದ. ಆಮೇಲೆ ತಾವೇ ಕಟ್ಟಿದ ಭಾಷೆಯಲ್ಲಿ ಆ ಹೆಸರಿಗೆ ‘ಕಡಲನ್ನು ಪ್ರೀತಿಸುವವನು’ ಎಂಬ ಅರ್ಥ ಕೂಡಿಸಿದರು. ಆ ಅರ್ಥ ಅವರ ಕಲ್ಪನಾಲೋಕಕ್ಕೆ ಮಾತ್ರ ಸಲ್ಲುತ್ತದೆ, ಹಳೆಯ ಇಂಗ್ಲಿಷ್‌ಗೆ ಅದರ ಗಂಧವೂ ಇಲ್ಲ. ಹೆಸರಿನ ಹುಡುಕಾಟದಲ್ಲಿ ಎರಡೂ ಬೆರೆತು ಸಿಗುವುದರಿಂದ ಹೊಸ ಓದುಗರು ಎಡವುವುದು ಇಲ್ಲೇ.

ಗುಚ್ಛವಾದರೆ ಹೆಸರು ಬದಲಾಗಬೇಕೇ

ಖಗೋಳಶಾಸ್ತ್ರದ ದಾಖಲೆಗಳಲ್ಲಿ ಆ ಚುಕ್ಕೆಗೆ ಅಕ್ಷರ ಮತ್ತು ಅಂಕಿಗಳ ಬೇರೆ ಗುರುತಿದೆ, ಎರೆಂಡೆಲ್ ಎಂಬುದು ಕರೆಯುವ ಹೆಸರು. ಹಾಗಾಗಿ ಗುಚ್ಛವೆಂದು ತೀರ್ಮಾನವಾದರೂ ಹೆಸರು ತೆಗೆಯಲೇಬೇಕಾದ ಒತ್ತಾಯವಿಲ್ಲ. ಬದಲಾಗುವುದು ವಿಜ್ಞಾನದ ನಿರೀಕ್ಷೆ. ಒಂಟಿ ನಕ್ಷತ್ರವಾದರೆ ಆದಿಕಾಲದ ನಕ್ಷತ್ರವೊಂದರ ತಾಪ, ತೂಕಗಳನ್ನು ಬಿಡಿಯಾಗಿ ಅಳೆಯುವ ಅಪರೂಪದ ಅವಕಾಶ. ಗುಚ್ಛವಾದರೆ ಆ ಅವಕಾಶ ತಪ್ಪುತ್ತದೆ. ಬದಲಿಗೆ ನಮ್ಮ ಆಕಾಶಗಂಗೆಯ ಸುತ್ತ ಇಂದು ಮುದಿಯಾಗಿ ನಿಂತಿರುವ ಗೋಳಗುಚ್ಛಗಳು (ಚೆಂಡಿನಂತೆ ಒತ್ತೊತ್ತಾಗಿ ಸೇರಿದ ಹಳೆಯ ನಕ್ಷತ್ರಗಳ ಗುಂಪುಗಳು) ಎಳೆಯ ವಯಸ್ಸಿನಲ್ಲಿ ಹೇಗಿದ್ದವು ಎಂದು ನೋಡಲು ಸಿಗುತ್ತದೆ.

ಇತ್ಯರ್ಥ ಮಾಡುವ ದಾರಿಯೂ ಇದೆ. ಮಸೂರವಾಗಿರುವ ಸಮೂಹದೊಳಗಿನ ಬಿಡಿ ನಕ್ಷತ್ರಗಳು ದೃಷ್ಟಿಗೆರೆಯನ್ನು ಹಾಯುವಾಗ ಹಿಂದಿನ ಚುಕ್ಕೆಯ ಬೆಳಕು ಏರಿಳಿಯುತ್ತದೆ. ಹಿಂದಿರುವುದು ಪುಟ್ಟ ಒಂಟಿ ನಕ್ಷತ್ರವಾದರೆ ಏರಿಳಿತ ಎದ್ದು ಕಾಣಬೇಕು. ಹರಡಿಕೊಂಡ ಗುಚ್ಛವಾದರೆ ಒಂದರ ಏರು ಇನ್ನೊಂದರ ಇಳಿತದಲ್ಲಿ ಸಮನಾಗಿ ಹೋಗುತ್ತದೆ. ವರ್ಷಗಟ್ಟಲೆ ಕಾದು ಮತ್ತೆ ಮತ್ತೆ ಅಳೆಯಬೇಕಾದ ಕೆಲಸ ಇದು.

ಅಲ್ಲಿಯವರೆಗೆ ಪತ್ರಿಕೆಯವರು ಹೆಸರಿನ ಮುಂದೆ ಏನು ಬರೆಯಬೇಕು? ‘ಬೆಳಗಿನ ನಕ್ಷತ್ರ’ ಎಂದರೆ ಗುಚ್ಛದ ತೀರ್ಪು ಬಂದ ದಿನ ತಿದ್ದಬೇಕಾಗುತ್ತದೆ. ಡರ್ಹಮ್‌ನ ಸ್ತೋತ್ರಸಂಗ್ರಹ ಬರೆದವರು ‘ಅರೋರ’ದ ಮೇಲೆ ಕೊಟ್ಟ ಅರ್ಥ ಹಿಡಿದು ‘ಮುಂಬೆಳಗು’ ಎಂದರೆ, ಆ ಸೂರ್ಯೋದಯ ಕಮಾನಿನಲ್ಲಿ ಇರುವುದು ಒಂದೇ ನಕ್ಷತ್ರವಾದರೂ ಒಂದು ಹಿಂಡೇ ಆದರೂ ತಿದ್ದುವ ಕೆಲಸ ಬೀಳುವುದಿಲ್ಲ.